ಸಹಾಯ ಬೇಕು: ದಾಳಿಂಬೆಗೆ ಯೂರಿಯಾ ಎಷ್ಟು ಇಳಿಸಬಹುದು?

ಅಣ್ಣಂದಿರೇ, ಅಕ್ಕಂದಿರೇ, ನಮಸ್ಕಾರ. ನಮ್ಮದು ಕುಷ್ಟಗಿ ಹತ್ತಿರ 2 ಎಕರೆ ದಾಳಿಂಬೆ, ಭಗವಾ ತಳಿ. ಮಸಾರಿ ಭೂಮಿ (ಕೆಂಪು ಮಣ್ಣು), ಡ್ರಿಪ್ ಇದೆ. ಗಿಡಕ್ಕೆ 5 ವರ್ಷ.

ಹೋದ ಸಲ ಗಿಡ ಚಂದ ಬೆಳೆಯಲಿ ಅಂತ ಯೂರಿಯಾ ಜಾಸ್ತಿ ಹಾಕಿಬಿಟ್ಟೆ. ಎಲೆ ಕಡು ಹಸಿರಾಯಿತು, ಚಿಗುರು ಒತ್ತಾಗಿ ಬಂತು, ಹೂವು ಮಾತ್ರ ಕಮ್ಮಿ. ಮಳೆ ಹಿಡಿದ ಮೇಲೆ ಆ ಮೆತ್ತನೆ ಚಿಗುರಿಗೇ ದುಂಡಾಣು ಅಂಗಮಾರಿ ರೋಗ ಹತ್ತಿತು. ಕಾಯಿ ಸೀಳಿದ್ದು ನೋಡಿ ಅಪ್ಪ ಎರಡು ದಿನ ತೋಟಕ್ಕೇ ಬರಲಿಲ್ಲ.

ಈ ಸಲ ಕುರಿ ಗೊಬ್ಬರವನ್ನೇ ಹೆಚ್ಚು ನಂಬಿದ್ದೇನೆ. 4 ತಿಂಗಳು ಗುಂಡಿಯಲ್ಲಿ ಕೊಳೆಸಿದ್ದೇನೆ, ಈಗ ಬಿಸಿ ಇಲ್ಲ, ವಾಸನೆಯೂ ಇಲ್ಲ. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ, ಕೆಲವೇ ದಿನದಲ್ಲಿ ಗಿಡಕ್ಕೆ ಸಿಗುತ್ತದೆ. ಗೊಬ್ಬರದ್ದು ಹಾಗಲ್ಲ ಅಲ್ವಾ, ನಿಧಾನಕ್ಕೆ ಬಿಡುತ್ತದೆ. ನನಗೆ ಲೆಕ್ಕ ಸಿಗದೇ ಇರುವುದು ಇಲ್ಲೇ. ಗಿಡಕ್ಕೆ 20 ಕೆಜಿ ಗೊಬ್ಬರ ಹಾಕಿದರೆ ಯೂರಿಯಾ ಅರ್ಧಕ್ಕೆ ಇಳಿಸಬಹುದಾ? ಉಳಿದದ್ದನ್ನು ಹೂವಿಗೆ ಮೊದಲು ಕೊಡಬೇಕಾ, ಕಾಯಿ ಕಚ್ಚಿದ ಮೇಲಾ? ಎಷ್ಟು ಕಂತು?

ಮಸಾರಿ ನೆಲದಲ್ಲಿ ಹೀಗೆ ಮಾಡಿ ನೋಡಿದವರು ದಯವಿಟ್ಟು ನಿಮ್ಮ ಅಳತೆ ಹೇಳಿ. ಮಣ್ಣು ಪರೀಕ್ಷೆಗೆ ಕೊಟ್ಟಿದ್ದೇನೆ, ಚೀಟಿ ಬಂದ ಕೂಡಲೇ ಫೋಟೊ ಹಾಕುತ್ತೇನೆ. ಹಸ್ತ ಬಹಾರ್‌ಗೆ (ಮಳೆಗಾಲದ ಕೊನೆಗೆ ಹೂ ಬಿಡಿಸುವ ಹಂಗಾಮು) ಗಿಡ ಸವರಲು ಇನ್ನು 15 ದಿನ ಮಾತ್ರ ಇದೆ.