ಸಿಸ್ಟರ್ ನ್ಯಾನ್ಸಿ ಬಗ್ಗೆ ಗೊತ್ತಿರುವವರು ಹೇಳಿ, ಹಾಡಿದವರಿಗೆ ಹಣ ಬಂತಾ?

ಮಲ್ಪೆ ಗಾಯಕಿ:
ಮಂಗಳೂರಿನ ಕುಲಶೇಖರದಲ್ಲಿ ಒಂದು ರೋಸ್ ಕಾರ್ಯಕ್ರಮಕ್ಕೆ, ಅಂದ್ರೆ ಕ್ರೈಸ್ತರ ಮದುವೆಗೆ ಮುಂಚಿನ ಶಾಸ್ತ್ರಕ್ಕೆ, ಹಾಡ್ಲಿಕ್ಕೆ ಹೋಗಿದ್ದೆ. ನಾವು ಊಟಕ್ಕೆ ಕೂತಾಗ ಡೀಜೆ ‘ಬ್ಯಾಮ್ ಬ್ಯಾಮ್’ ಹಾಕಿದ. ಒಬ್ಬಳೇ ಹೆಂಗಸಿನ ಸ್ವರ, ಅವಸರವೇ ಇಲ್ಲ, ಬೀಟಿನಿಂದ ಒಂದು ಕೂದಲೆಳೆ ಹಿಂದೆ ನಿಂತು ಹೇಳ್ತಾರೆ. ಜಮೈಕಾದ ಸಿಸ್ಟರ್ ನ್ಯಾನ್ಸಿ, 1982ರ ಹಾಡು ಅಂದ. ಆಮೇಲೆ ಅವರು ಏನಾದರು?

ಕೇಳ್ಲಿಕ್ಕೆ ಕಾರಣ ಉಂಟು. ನಾನು ಹಾಡಿದ ತುಳು ಹಾಡೊಂದು ಈಗ ಎಲ್ಲರ ರೀಲ್ಸಿನಲ್ಲಿ ಓಡ್ತಾ ಉಂಟು. ರೆಕಾರ್ಡಿಂಗ್ ದಿನ ಕೊಟ್ಟ ಕವರ್ ಬಿಟ್ಟರೆ ಬೇರೇನೂ ಸಿಕ್ಕಿಲ್ಲ, ನನ್ನ ಹೆಸರೂ ಹಾಕಿಲ್ಲ.

ಸುರತ್ಕಲ್ ಸೌಂಡಿನವ:
ಅಕ್ಕ, ಅವರ ನಿಜವಾದ ಹೆಸರು ಆಫ್ಲಿನ್ ರಸೆಲ್. ಕಿಂಗ್‌ಸ್ಟನ್‌ನಲ್ಲಿ 15 ಮಕ್ಕಳ ಮನೆ, ಅಣ್ಣ ಬ್ರಿಗೇಡಿಯರ್ ಜೆರ್ರಿಯೂ ಇದೇ ಲೈನಿನವರು. ಅಲ್ಲಿನ ಸೌಂಡ್ ಸಿಸ್ಟಮ್‌ಗಳಲ್ಲಿ, ಅಂದ್ರೆ ದೊಡ್ಡ ಸ್ಪೀಕರ್ ಇಟ್ಟು ಹಾಡು ಹಾಕುವ ತಂಡಗಳಲ್ಲಿ, ರೆಕಾರ್ಡ್ ಹಾಕುವವರು ಬೇರೆ, ಮೈಕ್ ಹಿಡಿದು ಅದರ ಮೇಲೆ ಮಾತು ಕಟ್ಟುವವರು ಬೇರೆ; ಅಲ್ಲಿ ಡೀಜೆ ಅನ್ನುವುದು ಈ ಮೈಕಿನವರನ್ನು. ಆ ಮೈಕ್ ಗಂಡಸರ ಕೈಯಲ್ಲೇ ಇದ್ದ ಕಾಲದಲ್ಲಿ ಈ ಹುಡುಗಿ ನುಗ್ಗಿದ್ದು! ಡ್ಯಾನ್ಸ್‌ಹಾಲ್ ಅನ್ನುವ ಆ ಜಮೈಕಾ ಸಂಗೀತದ ಮೊದಲ ಮಹಿಳಾ ಡೀಜೆ ಅಂತ ಅವರನ್ನೇ ಹೇಳುವುದು. ಒಂದೇ ರಿದಮ್ ಟ್ರ್ಯಾಕಿನ ಮೇಲೆ ಎಷ್ಟೋ ಜನ ಬೇರೆ ಬೇರೆ ಹಾಡು ಮಾಡುವುದು ಅಲ್ಲಿನ ಪದ್ಧತಿ. ‘ಬ್ಯಾಮ್ ಬ್ಯಾಮ್’ನ ಟ್ರ್ಯಾಕ್ ನಿರ್ಮಾಪಕ ವಿನ್‌ಸ್ಟನ್ ರೈಲಿ 70ರ ದಶಕದಲ್ಲೇ ಮಾಡಿಸಿದ ‘ಸ್ಟಾಲಗ್’. ನ್ಯಾನ್ಸಿಯ ‘ಒನ್, ಟೂ’ ಆಲ್ಬಮ್ ತುಂಬಿಸಲಿಕ್ಕೆ ಇನ್ನೊಂದು ಹಾಡು ಬೇಕಿತ್ತು, ಸ್ಟುಡಿಯೊದಲ್ಲಿ ನಿಂತಲ್ಲೇ ಹೇಳಿದರು.

ಹಣದ ವಿಷಯ ಓದಿದಾಗ ನನಗೆ ಹೊಟ್ಟೆ ಉರಿದಿತ್ತು. 1996ರಲ್ಲಿ ಅಮೆರಿಕಕ್ಕೆ ಹೋಗಿ, ನ್ಯೂಜೆರ್ಸಿಯ ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಕೆಲಸ ಮಾಡಿದರು. 1998ರ ‘ಬೆಲ್ಲಿ’ ಸಿನಿಮಾದಲ್ಲಿ ಅವರ ಹಾಡು ಬಂತು, ರಾಪ್‌ನವರೆಲ್ಲ ತುಂಡು ತುಂಡು ತೆಗೆದು ಬಳಸಿದರು. ಕೊನೆಗೆ ಟಿವಿಯ ರೀಬಾಕ್ ಜಾಹೀರಾತಿನಲ್ಲಿ ತನ್ನದೇ ಸ್ವರ ಕೇಳಿದ ಮೇಲೆ ವಕೀಲರನ್ನು ಹಿಡಿದರು. ಆಲ್ಬಮ್ಮಿನ ಹಕ್ಕಿನಲ್ಲಿ ಅರ್ಧ ಪಾಲು ಸಿಕ್ಕಿದಾಗ ಹಾಡಿ 30 ವರ್ಷ ದಾಟಿತ್ತು. 2017ರಲ್ಲಿ ಅಮೆರಿಕದ ರಾಪ್ ಗಾಯಕ ಜೇ-ಝೀ ಅದೇ ಹಾಡನ್ನು ಬಳಸಿದಾಗ ವಿಡಿಯೊದಲ್ಲಿ ಇವರೇ ಇದ್ದಾರೆ, ನೋಡಿ. ಆ ನಿಲುವು ನೋಡಬೇಕು ನೀವು!

ಕದ್ರಿ ವಕೀಲೆ:
ನೀವು ಅಷ್ಟು ವರ್ಷ ಕಾಯಬೇಡಿ. 2012ರ ತಿದ್ದುಪಡಿಯ ನಂತರ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡಿದವರಿಗೂ ಹಕ್ಕುಂಟು. ವ್ಯಾಪಾರಕ್ಕೆ ಬಳಸಿದರೆ ರಾಯಲ್ಟಿ ಕೇಳಬಹುದು, ಹಾಡಿದವರು ನೀವು ಅಂತ ಹೆಸರು ಹಾಕಿ ಅಂತಲೂ ಕೇಳಬಹುದು. ಈ ಹಕ್ಕಿಗೆ 50 ವರ್ಷದ ಅವಧಿ. ಆ ದಿನ ಏನಾದರೂ ಸಹಿ ಮಾಡಿದ್ದೀರಾ? ಮಾಡಿದ್ದರೆ ಅದರ ಪ್ರತಿ ಬೇಕು. ಟ್ರ್ಯಾಕ್ ಕಳಿಸಿದ ಮೆಸೇಜು, ಹಣ ಬಂದ ದಾಖಲೆ, ಹಾಡು ಹಾಕಿದ ಪುಟದ ಸ್ಕ್ರೀನ್‌ಶಾಟ್, ಎಲ್ಲ ತೆಗೆದಿಡಿ. ಫೋನಿನಲ್ಲಿ ಮಾತಾಡಬೇಡಿ, ಬರೆದೇ ಕೇಳಿ.

ಮಲ್ಪೆ ಗಾಯಕಿ:
ಸಹಿ ಏನೂ ಮಾಡಿಲ್ಲ. ಕವರಿನಲ್ಲಿ ಕೊಟ್ಟದ್ದು ನಗದು, ಆದರೆ ಟ್ರ್ಯಾಕ್ ಕಳಿಸಿದ ವಾಟ್ಸಾಪ್ ಮೆಸೇಜು ಇನ್ನೂ ಉಂಟು. ಚೌತಿ ಸೀಸನ್‌ಗೆ ನನಗೆ ಪ್ರೋಗ್ರಾಂ ಕೊಡುವವರೂ ಆ ಹಾಡು ಮಾಡಿಸಿದವರೇ, ಅದೊಂದು ಹೆದರಿಕೆ. ಆದರೂ ಮೊದಲು ಹೆಸರು ಹಾಕಿ ಅಂತ ಬರೀತೇನೆ. ಮೇಡಂ, ಪತ್ರ ಕನ್ನಡದಲ್ಲೇ ಬರೆದರೆ ನಡೀತದಾ?