ಭಾನುವಾರ ರಾತ್ರಿ ಹಲ್ಲು ಕೈಕೊಟ್ಟರೆ: ದಂತವೈದ್ಯರಿಗೆ ಕೇಳಿ

ಪ್ರಶ್ನೆ (ಸಾಗರ ತಾಲ್ಲೂಕಿನಿಂದ):
ನಮಸ್ಕಾರ ಡಾಕ್ಟ್ರೇ. ಅಪ್ಪಯ್ಯನಿಗೆ 62 ವರ್ಷ, ಶುಗರ್ ಇದೆ, ಮಾತ್ರೆ ತಗೋತಾರೆ. ಬಲಗಡೆ ಕೆಳಗಿನ ಕೊನೇ ದವಡೆ ಹಲ್ಲು ಮೊದಲಿಂದಲೂ ಹುಳುಕು. ಗುರುವಾರದಿಂದ ನೋವು ಶುರುವಾಯ್ತು. ಪೇಟೆಯ ಮೆಡಿಕಲ್ ಶಾಪಿನವರು ಕೊಟ್ಟ ಆ್ಯಂಟಿಬಯಾಟಿಕ್ ಎರಡು ದಿನ ನುಂಗಿದ್ರು. ನೋವು ಇಳೀತು ಅಂತ ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಇವತ್ತು ಸಂಜೆ ಕೆನ್ನೆ ಬಾತುಕೊಂಡಿದೆ, ಊತ ದವಡೆ ಕೆಳಗೂ ಇಳಿದಿದೆ. ಒಂದು ಕ್ಲಿನಿಕ್‌ಗೆ ಫೋನ್ ಮಾಡಿದ್ರೆ ‘ಮಂಗಳವಾರ ಹನ್ನೊಂದಕ್ಕೆ ಬನ್ನಿ’ ಅಂದರು. ಅಲ್ಲೀವರೆಗೆ ಬಿಸಿ ಶಾಖ ಕೊಡಬಹುದಾ?

ಡಾಕ್ಟರ್:
ಶಾಖ ಬೇಡ. ಮೊದಲು ಇವಿಷ್ಟನ್ನು ನೋಡಿ ಈಗಲೇ ಬರೆಯಿರಿ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಎರಡು ಬೆರಳು ಒಂದರ ಮೇಲೊಂದು ತೂರುವಷ್ಟು ಬಾಯಿ ತೆರೆಯುತ್ತಾ? ಎಂಜಲು ನುಂಗ್ತಾರಾ, ಹೊರಗೆ ಸುರಿಸ್ತಾರಾ? ನಾಲಿಗೆ ಅಡಿಯ ಜಾಗ ಉಬ್ಬಿ ನಾಲಿಗೆ ಮೇಲಕ್ಕೆದ್ದಿದೆಯಾ? ಮಾತಿನ ದನಿ ಬದಲಾಗಿದೆಯಾ? ಜ್ವರ ಎಷ್ಟು? ಕವಳ ಹಾಕೋ ಅಭ್ಯಾಸ ಇದೆಯಾ? ಇದನ್ನು ಯಾಕೆ ಕೇಳ್ತೀನಂದ್ರೆ, ವರ್ಷಗಟ್ಟಲೆ ಅಡಿಕೆ ಅಗಿದವರಲ್ಲಿ ಕೆಲವರಿಗೆ ಬಾಯಿ ಮೊದಲೇ ಬಿಗಿದುಕೊಂಡಿರುತ್ತೆ. ಅಂಥವರಲ್ಲಿ ಹೋದ ವಾರ ಎಷ್ಟು ತೆರೀತಿತ್ತು, ಈಗ ಎಷ್ಟು ತೆರೆಯುತ್ತೆ ಅನ್ನೋದೇ ಲೆಕ್ಕ.

ಪ್ರಶ್ನೆ ಕೇಳಿದವರು:
ಕವಳ ಹಾಕ್ತಾರೆ. ಆದ್ರೆ ಹೋದ ವಾರ ಆರಾಮಾಗಿ ರೊಟ್ಟಿ ತಿಂದಿದ್ರು, ಈಗ ಒಂದು ಬೆರಳೂ ಹೋಗ್ತಿಲ್ಲ. ನಾಲಿಗೆ ಅಡಿ ಕಾಣೋಕೇ ಆಗ್ತಿಲ್ಲ. ಎಂಜಲನ್ನ ಟವೆಲ್‌ಗೆ ಒರೆಸಿಕೊಳ್ತಿದಾರೆ. ಜ್ವರ 101. ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡು ಮಾತಾಡಿದ ಹಾಗೆ ದನಿ.

ಡಾಕ್ಟರ್:
ಮಂಗಳವಾರವೂ ಅಲ್ಲ, ನಾಳೆ ಬೆಳಗ್ಗೆಯೂ ಅಲ್ಲ. ಈಗಲೇ ಹೊರಡಿ. ಉಳಿದದ್ದನ್ನ ದಾರಿಯಲ್ಲಿ ಓದಿ.

ಕೆಳಗಿನ ಹಿಂದಿನ ದವಡೆ ಹಲ್ಲುಗಳ ಬೇರಿನ ತುದಿ, ಬಾಯಿಯ ತಳವನ್ನು ಹಿಡಿದಿರುವ ಸ್ನಾಯುವಿಗಿಂತ ಕೆಳಗಿರುತ್ತೆ. ಹಾಗಾಗಿ ಅಲ್ಲಿನ ಕೀವು ಬಾಯಿಯೊಳಗೆ ಒಡೆಯದೆ ದವಡೆಯ ಅಡಿಗೆ, ಅಲ್ಲಿಂದ ಕತ್ತಿನ ಕಡೆಗೆ ಇಳಿಯಬಹುದು. ಎರಡೂ ಕಡೆ ಹರಡಿ ನಾಲಿಗೆಯನ್ನ ಮೇಲಕ್ಕೂ ಹಿಂದಕ್ಕೂ ತಳ್ಳಿದ್ರೆ ಉಸಿರಿನ ದಾರಿಯೇ ಮುಚ್ಚುತ್ತೆ. 1836ರಲ್ಲಿ ಲುಡ್ವಿಗ್ ಎಂಬ ಜರ್ಮನ್ ವೈದ್ಯರು ಇದನ್ನು ವಿವರಿಸಿದ್ದರಿಂದ ಇವತ್ತಿಗೂ ‘ಲುಡ್ವಿಗ್ಸ್ ಆ್ಯಂಜೈನಾ’ ಅಂತಲೇ ಕರೀತೀವಿ. ನಿಮ್ಮ ತಂದೆಯವರಿಗೆ ಅದೇ ಆಗಿದೆ ಅಂತ ಫೋನಿನಲ್ಲಿ ಕೂತು ಹೇಳಲಾರೆ. ಅದಾಗುವ ದಾರಿಯಲ್ಲಿ ಇದ್ದಾರೆ ಅನ್ನೋದಕ್ಕೆ ಇಷ್ಟು ಲಕ್ಷಣ ಸಾಕು. ಶುಗರ್ ಇದ್ದವರಲ್ಲಿ ಸೋಂಕು ಬೇಗ ಹರಡುತ್ತೆ ಬೇರೆ. ಆ್ಯಂಟಿಬಯಾಟಿಕ್ ನೋವನ್ನ ಎರಡು ದಿನ ಮಂಕು ಮಾಡಿತು, ಅಷ್ಟೇ. ಕೀವಿಗೆ ಹೊರಹೋಗಲು ದಾರಿ ಮಾಡಿಕೊಡದೆ ಬರೀ ಮಾತ್ರೆ ನುಂಗಿದ್ರೆ ಆಗೋದೇ ಹೀಗೆ.

ಶಿವಮೊಗ್ಗ ನಿಮಗೆ ಸುಮಾರು 70 ಕಿಲೋಮೀಟರ್. ಡೆಂಟಲ್ ಕಾಲೇಜಿನ ಹೊರರೋಗಿ ವಿಭಾಗ ಈ ಹೊತ್ತಿಗೆ ಬಾಗಿಲು ಹಾಕಿರುತ್ತೆ, ಅಲ್ಲಿಗೆ ಹೋಗಿ ಹೊತ್ತು ಕಳೀಬೇಡಿ. ಮೆಗ್ಗಾನ್‌ನಂಥ ಮೆಡಿಕಲ್ ಕಾಲೇಜು ಆಸ್ಪತ್ರೆಯ ಕ್ಯಾಜುವಾಲ್ಟಿಗೆ ನೇರ ಹೋಗಿ. ಬಾಯಿ-ದವಡೆ ಸರ್ಜನ್ ಅಥವಾ ಕಿವಿ-ಮೂಗು-ಗಂಟಲಿನ ಡಾಕ್ಟರನ್ನ ಕರೆಸಿ ಅಂತ ಕೇಳಿ. ಕಾರಿನಲ್ಲಿ ಕೂರಿಸಿಕೊಂಡೇ ಹೋಗಿ, ಮಲಗಿಸಬೇಡಿ. ಉಸಿರಿಗೆ ಒದ್ದಾಡ್ತಿದ್ರೆ ಕಾರು ಬಿಟ್ಟು 108. ದಾರಿಯಲ್ಲಿ ಉಸಿರು ಕೆಟ್ಟರೆ ಸಾಗರದ ಸರ್ಕಾರಿ ಆಸ್ಪತ್ರೆಗೇ ನುಗ್ಗಿ. ಆಮ್ಲಜನಕ ಕೊಟ್ಟು, ಡ್ರಿಪ್ಪಿನಲ್ಲಿ ಔಷಧಿ ಶುರು ಮಾಡಿ ಅವರೇ ಮುಂದಕ್ಕೆ ಕಳಿಸ್ತಾರೆ. ಹೊಟ್ಟೆ ತುಂಬ ಊಟ ಮಾಡಿಸಬೇಡಿ, ಅರಿವಳಿಕೆ ಬೇಕಾಗಬಹುದು. ಶುಗರ್ ಮಾತ್ರೆ ಎಷ್ಟು ಹೊತ್ತಿಗೆ ನುಂಗಿದ್ರು ಅನ್ನೋದು ಬಾಯಲ್ಲಿರಲಿ. ನುಂಗಿದ ಮಾತ್ರೆಗಳ ಖಾಲಿ ಪಟ್ಟಿ, ಆಧಾರ್, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಜೊತೆಗಿರಲಿ.

ಪ್ರಶ್ನೆ ಕೇಳಿದವರು:
ಹೊರಟ್ವಿ ಸರ್. ಮಾವನ ಕಾರು ಬಂತು.

ಇನ್ನೊಬ್ಬ ಸದಸ್ಯರು:
ಡಾಕ್ಟ್ರೇ, ಆ ಕ್ಲಿನಿಕ್‌ನವರು ಮಂಗಳವಾರ ಬನ್ನಿ ಅಂದದ್ದು ತಪ್ಪಲ್ವಾ? ಇಷ್ಟು ಗಂಭೀರ ಇರೋರನ್ನ ಹಾಗೆ ಹೇಳಿ ಕಳಿಸ್ತಾರಾ?

ಡಾಕ್ಟರ್:
ಫೋನ್ ಎತ್ತಿದವರಿಗೆ ಏನು ಕೇಳಿಸ್ತು ಅನ್ನೋದು ನಮಗೆ ಗೊತ್ತಿಲ್ಲ. ಸಾಮಾನ್ಯವಾಗಿ ಜನ ಹೇಳೋದು ಹೀಗೆ: ‘ಹಲ್ಲು ನೋವು ಮೇಡಂ, ಅಪಾಯಿಂಟ್‌ಮೆಂಟ್ ಬೇಕಿತ್ತು.’ ಇಂಥ ಕರೆ ದಿನಕ್ಕೆ ಎಷ್ಟೋ ಬರುತ್ತೆ. ಎತ್ತಿದ ಹುಡುಗಿ ಪುಸ್ತಕ ನೋಡ್ತಾಳೆ, ಖಾಲಿ ಇರೋ ಸಾಲು ಹೇಳ್ತಾಳೆ. ಅವಳದ್ದೇನೂ ತಪ್ಪಿಲ್ಲ. ಅದೇ ಕರೆಯಲ್ಲಿ ಹೀಗೆ ಹೇಳಿ ನೋಡಿ: ‘ಅರವತ್ತೆರಡು ವರ್ಷ, ಶುಗರ್ ಇದೆ. ಸಂಜೆಯಿಂದ ದವಡೆ ಕೆಳಗೆ ಊತ, ಬಾಯಿ ತೆರೀತಿಲ್ಲ, ಎಂಜಲು ನುಂಗೋಕಾಗ್ತಿಲ್ಲ, ಜ್ವರ ಇದೆ.’ ಆ ಹುಡುಗಿ ಪುಸ್ತಕ ಮುಚ್ಚಿ ಡಾಕ್ಟರ ಕೈಗೆ ಫೋನ್ ಕೊಡ್ತಾಳೆ. ಡಾಕ್ಟರು ‘ನಮ್ಮಲ್ಲಿ ಆಗಲ್ಲ, ದೊಡ್ಡಾಸ್ಪತ್ರೆಗೆ ಹೋಗಿ’ ಅಂದರೂ ಎರಡು ದಿನ ಉಳೀತಲ್ಲ!

ನಮ್ಮಲ್ಲಿ ನೋವನ್ನ ದೊಡ್ಡದು ಮಾಡಿ ಹೇಳೋದು ಒಂಥರಾ ಸಂಕೋಚ. ಅಥವಾ ಬರೀ ನೋವನ್ನೇ ಹೇಳ್ತಾರೆ, ‘ತಡ್ಕೊಳ್ಳೋಕಾಗ್ತಿಲ್ಲ, ಸತ್ತೇ ಹೋಗ್ತೀನಿ’ ಅಂತ. ನೋವಿನ ಜೋರು ನಮಗೆ ಅಷ್ಟೇನೂ ತಿಳಿಸಲ್ಲ. ನರಕಯಾತನೆ ಕೊಡೋ ಹಲ್ಲು ಎಷ್ಟೋ ಸಲ ಬೆಳಗಿನವರೆಗೆ ಕಾಯುತ್ತೆ. ನೋವು ಕಡಿಮೆಯಾಗಿ ಊತ ಏರಿದ ಹಲ್ಲು ಕಾಯಲ್ಲ. ವಯಸ್ಸು, ಬೇರೆ ಕಾಯಿಲೆ, ಎಷ್ಟು ಹೊತ್ತಿನಿಂದ, ಊತ, ಜ್ವರ, ರಕ್ತ, ಪೆಟ್ಟು: ಇವು ಮೊದಲ ವಾಕ್ಯದಲ್ಲೇ ಬಂದುಬಿಡಲಿ.

ಮತ್ತೊಬ್ಬರು (ತೀರ್ಥಹಳ್ಳಿ):
ಹಾಗಾದ್ರೆ ರಾತ್ರಿ ಬರೀ ನೋವು ಅಂದ್ರೆ ಏನು ಮಾಡ್ಬೇಕು? ನಮ್ಮ ಕಡೆ ಲವಂಗದೆಣ್ಣೆ, ಹೊಗೆಸೊಪ್ಪು, ಕೆಲವರು ಆಸ್ಪಿರಿನ್ ಮಾತ್ರೆಯನ್ನೇ ಹಲ್ಲಿನ ಪಕ್ಕ ಇಡ್ತಾರೆ.

ಡಾಕ್ಟರ್:
ಲವಂಗದೆಣ್ಣೆ ಪರವಾಗಿಲ್ಲ. ಅದರಲ್ಲಿರೋ ಯೂಜೆನಾಲ್ ಅನ್ನ ನಾವೂ ಕ್ಲಿನಿಕ್ಕಿನಲ್ಲಿ ಬಳಸ್ತೀವಿ. ಹತ್ತಿಗೆ ಒಂದು ಹನಿ ಹಚ್ಚಿ ಕುಳಿಯೊಳಗೆ ಇಡಬೇಕು, ವಸಡಿಗೆಲ್ಲ ಸುರಿದ್ರೆ ಸುಡುತ್ತೆ. ಆಸ್ಪಿರಿನ್ ಮಾತ್ರೆ ವಸಡಿನ ಮೇಲಿಟ್ಟರೆ ಅಲ್ಲಿ ಬೆಳ್ಳಗೆ ಸುಟ್ಟ ಗಾಯ ಆಗುತ್ತೆ, ಹಲ್ಲು ನೋವಿನ ಜೊತೆಗೆ ಅದೊಂದು. ಹೊಗೆಸೊಪ್ಪಿನ ಬಗ್ಗೆ ಕೇಳಲೇಬೇಡಿ.

ಮಲಗಿದ್ರೆ ನೋವು ಜಾಸ್ತಿ ಆಗುತ್ತೆ, ತಲೆಗೆ ಎರಡು ದಿಂಬು ಹಾಕಿ. ಜ್ವರವೂ ಇಲ್ಲ, ಊತವೂ ಇಲ್ಲ ಅಂದ್ರೆ ದೊಡ್ಡವರಿಗೆ ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೇನ್ ಎರಡೂ ಸೇರಿದ್ರೆ ಹಲ್ಲುನೋವಿಗೆ ಚೆನ್ನಾಗಿ ಕೆಲಸ ಮಾಡುತ್ತೆ. ಆದ್ರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಗರ್ಭಿಣಿಯರು, ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು ಐಬುಪ್ರೊಫೇನ್ ಮುಟ್ಟಬಾರದು. ಮಳೆಗಾಲದಲ್ಲಿ ಜ್ವರವೂ ಇದ್ದು ಡೆಂಗಿ ಅನುಮಾನ ಇದ್ದರೂ ಅದು ಬೇಡ. ಇವರಿಗೆಲ್ಲ ಬರೀ ಪ್ಯಾರಾಸಿಟಮಾಲ್ 650, ಆರು ಗಂಟೆಗೊಂದರಂತೆ, ಸಾಕು. ಬೆಳಗಾದ ಮೇಲೆ ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗಕ್ಕೆ ಹೋದರೂ ಆಗುತ್ತೆ, ಎಲ್ಲದಕ್ಕೂ ಖಾಸಗಿ ಕ್ಲಿನಿಕ್ಕೇ ಬೇಕಿಲ್ಲ. ನೋವು ನಿಂತಿತು ಅಂತ ಹೋಗದೇ ಇರಬೇಡಿ. ಒಳಗಿನ ನರ ಸತ್ತಾಗಲೂ ನೋವು ನಿಲ್ಲುತ್ತೆ.

ಪ್ರೌಢಶಾಲೆ ಶಿಕ್ಷಕರೊಬ್ಬರು:
ಸರ್, ನಮ್ಮಲ್ಲಿ ಕ್ರೀಡಾಕೂಟ ಹತ್ತಿರ ಬರ್ತಿದೆ. ಕಬಡ್ಡಿಯಲ್ಲಿ ಮುಂದಿನ ಹಲ್ಲು ಪೂರ್ತಿ ಕಿತ್ತು ಬಂದ್ರೆ? ಹಿಂದೊಮ್ಮೆ ಒಬ್ಬ ಹುಡುಗನ ಹಲ್ಲನ್ನ ಡೆಟಾಲ್‌ನಲ್ಲಿ ತೊಳೆದು, ಪೇಪರ್‌ನಲ್ಲಿ ಸುತ್ತಿ ಕೊಟ್ಟು ಕಳಿಸಿದ್ವಿ.

ಡಾಕ್ಟರ್:
ಮೇಷ್ಟ್ರೇ, ಇದನ್ನ ಶಾಲೆಯ ನೋಟಿಸ್ ಬೋರ್ಡಿಗೇ ಹಾಕಿ. ಹಲ್ಲಿನ ತುರ್ತುಗಳಲ್ಲಿ ನಿಜಕ್ಕೂ ನಿಮಿಷ ಎಣಿಸಬೇಕಾದದ್ದು ಇದು. ಹಲ್ಲಿನ ಬೇರಿಗೆ ಅಂಟಿಕೊಂಡು ಬಂದ ತೆಳು ಪೊರೆಯ ಜೀವಕೋಶಗಳು ಬದುಕಿದ್ದರೆ ಹಲ್ಲು ಮತ್ತೆ ಮೂಳೆಗೆ ಕೂಡಿಕೊಳ್ಳುತ್ತೆ. ಒಣಗಿ ಒಂದು ಗಂಟೆ ಆದ್ರೆ ಅವು ಬಹುತೇಕ ಸತ್ತಿರುತ್ತವೆ. ಡೆಟಾಲ್ ಹಾಕಿದ್ರೆ ಗಂಟೆಯೂ ಬೇಡ!

ಮೊದಲು ಹುಡುಗನನ್ನ ನೋಡಿ. ಪ್ರಜ್ಞೆ ತಪ್ಪಿದ್ನಾ, ವಾಂತಿ ಮಾಡ್ಕೊಂಡ್ನಾ? ಹಾಗಿದ್ರೆ ತಲೆಪೆಟ್ಟೇ ಮುಖ್ಯ, ಹಲ್ಲು ಆಮೇಲೆ. ಇಲ್ಲದಿದ್ರೆ ಹಲ್ಲು ಹುಡುಕಿ, ಕಾಣುವ ಬಿಳಿ ಭಾಗ ಹಿಡಿದು ಎತ್ತಿ, ಬೇರು ಮುಟ್ಟಬೇಡಿ, ಉಜ್ಜಬೇಡಿ. ಮಣ್ಣು ಹತ್ತಿದ್ರೆ ಹಾಲಿನಲ್ಲಿ, ಹಾಲಿಲ್ಲದಿದ್ರೆ ನಲ್ಲಿ ನೀರಿನಲ್ಲಿ ಹತ್ತು ಸೆಕೆಂಡ್ ಅದ್ದಿ ತೆಗೆಯಿರಿ. ಧೈರ್ಯ ಇದ್ದರೆ ಅಲ್ಲೇ, ಅದೇ ಕುಳಿಗೆ, ಪಕ್ಕದ ಹಲ್ಲಿನ ಮಟ್ಟ ನೋಡಿ ನಿಧಾನ ಕೂರಿಸಿ, ಕರ್ಚೀಫ್ ಕಚ್ಚಿಸಿ ಕರ್ಕೊಂಡು ಬನ್ನಿ. ಅದಕ್ಕಿಂತ ಒಳ್ಳೇ ಚಿಕಿತ್ಸೆ ನಮ್ಮ ಹತ್ರವೂ ಇಲ್ಲ. ಕೈ ನಡುಗಿದ್ರೆ ಹಲ್ಲನ್ನ ಹಾಲಿನಲ್ಲಿ ಹಾಕಿ. ಬಿಸಿಯೂಟದ ಶಾಲೆಯಲ್ಲಿ ಹಾಲು ಇದ್ದೇ ಇರುತ್ತಲ್ಲ, ಹತ್ತಿರದ ಅಂಗಡಿಯ ನಂದಿನಿ ಪ್ಯಾಕೆಟ್ಟಾದರೂ ಸರಿ, ತಣ್ಣಗಿರಲಿ. ಹಾಲಿಲ್ಲದಿದ್ರೆ ಹುಡುಗನ ಎಂಜಲನ್ನೇ ಲೋಟಕ್ಕೆ ಉಗುಳಿಸಿ ಅದರಲ್ಲಿಡಿ. ನೀರಲ್ಲಿ ನೆನೆಹಾಕಿದ್ರೆ ಜೀವಕೋಶಗಳು ನೀರು ಹೀರಿ ಒಡೀತವೆ, ಬೇರೇನೂ ಸಿಗದಿದ್ರೆ ಮಾತ್ರ ನೀರು. ಎಳನೀರು ಆಗುತ್ತಾ ಅಂತ ಯಾರಾದ್ರೂ ಕೇಳ್ತೀರಿ: ಅದು ಸ್ವಲ್ಪ ಆಮ್ಲೀಯ, ಹಾಲು ಇರುವಾಗ ಅದರ ಗೋಜು ಬೇಡ.

ಇದು ಕಾಯಂ ಹಲ್ಲಿಗೆ ಮಾತ್ರ. ಹಾಲುಹಲ್ಲು ಬಿದ್ದರೆ ಮತ್ತೆ ಕೂರಿಸಬಾರದು, ಒಳಗೆ ಬೆಳೀತಿರೋ ಹೊಸ ಹಲ್ಲಿಗೆ ಪೆಟ್ಟಾಗುತ್ತೆ. ಹಲ್ಲು ಎಲ್ಲೂ ಸಿಗದಿದ್ರೆ, ಹುಡುಗ ಕೆಮ್ಮುತ್ತಿದ್ರೆ, ಶ್ವಾಸಕೋಶಕ್ಕೆ ಹೋಗಿರಬಹುದು, ಎಕ್ಸ್‌ರೇ ಬೇಕು. ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತು ಅಂತಲೂ ಕೇಳಿಕೊಂಡು ಬನ್ನಿ. ಫೋನಿನಲ್ಲಿ ‘ಪೆಟ್ಟಾಗಿದೆ’ ಅನ್ನಬೇಡಿ, ‘ಕಾಯಂ ಹಲ್ಲು ಬುಡಸಮೇತ ಬಂದಿದೆ, ಹತ್ತು ನಿಮಿಷ ಆಯ್ತು, ಹಾಲಲ್ಲಿದೆ’ ಅನ್ನಿ. ಕುರ್ಚಿಯಲ್ಲಿ ಕೂತವರನ್ನ ಎಬ್ಬಿಸಿ ನಿಮಗೆ ಜಾಗ ಮಾಡ್ತಾರೆ.

ಸಾಗರದವರು (ಮರುದಿನ):
ಡಾಕ್ಟ್ರೇ, ರಾತ್ರಿಯೇ ಕತ್ತಿನ ಕೆಳಗೆ ಕೊಯ್ದು ಕೀವು ತೆಗೆದ್ರು. ಅಡ್ಮಿಟ್ ಮಾಡಿದಾರೆ. ಶುಗರ್ 380 ಇತ್ತಂತೆ. ಊತ ಇಳಿದ ಮೇಲೆ ಹಲ್ಲು ಕೀಳ್ತಾರಂತೆ.

ಡಾಕ್ಟರ್:
ಒಳ್ಳೇದಾಯ್ತು. ಕೀವು ಹೊರಹರಿಯಲು ಇಟ್ಟಿರೋ ಡ್ರೈನ್ ಟ್ಯೂಬ್ ನೋಡಿ ಹೆದರಬೇಡಿ. ಹಲ್ಲು ಕೀಳಿಸದೆ ಮನೆಗೆ ಬರಬೇಡಿ, ಅಥವಾ ಕೀಳುವ ತಾರೀಕು ಬರೆಸಿಕೊಂಡು ಬನ್ನಿ. ಮೂಲ ಅಲ್ಲೇ ಉಳಿದ್ರೆ ಇದು ಮರುಕಳಿಸುತ್ತೆ.

ದಾವಣಗೆರೆಯಿಂದ:
ಅತ್ತೆಗೆ ಮಧ್ಯಾಹ್ನ ಹಲ್ಲು ಕಿತ್ತಿದ್ದು, ಇನ್ನೂ ರಕ್ತ ಬರ್ತಿದೆ. ಹೃದಯಕ್ಕೆ ಸ್ಟೆಂಟ್ ಹಾಕಿದೆ, ರಕ್ತ ತೆಳುವಾಗೋ ಮಾತ್ರೆ ಇದೆ. ಪದೇ ಪದೇ ಬಾಯಿ ಮುಕ್ಕಳಿಸಿ ಉಗುಳ್ತಿದಾರೆ. ರಾತ್ರಿ ಮಾತ್ರೆ ಬಿಡಿಸೋದಾ?

ಡಾಕ್ಟರ್:
ಮಾತ್ರೆ ನೀವಾಗಿ ಬಿಡಿಸಬೇಡಿ, ಸ್ಟೆಂಟ್ ಕಟ್ಟಿಕೊಂಡ್ರೆ ಜೀವಕ್ಕೇ ಅಪಾಯ. ನಿಲ್ಲಿಸಬೇಕಾದದ್ದು ಉಗುಳೋದನ್ನ. ಉಗುಳಿದಾಗಲೆಲ್ಲ ಹೆಪ್ಪುಗಟ್ಟಿದ ರಕ್ತ ಕಿತ್ತು ಬರುತ್ತೆ. ಕೂರಿಸಿ, ಶುದ್ಧವಾದ ಗಾಜ್ ಬಟ್ಟೆಯನ್ನ ಒದ್ದೆ ಮಾಡಿ ದಪ್ಪಗೆ ಮಡಚಿ ಕುಳಿಯ ಮೇಲಿಟ್ಟು ಗಟ್ಟಿಯಾಗಿ ಕಚ್ಚಿಸಿ. ಗಡಿಯಾರ ನೋಡಿ ಅರ್ಧ ಗಂಟೆ, ನಡುವೆ ತೆಗೆದು ಇಣುಕಬಾರದು. ಗಾಜ್ ಇಲ್ಲದಿದ್ರೆ ಬಿಸಿನೀರಿನಲ್ಲಿ ಅದ್ದಿ ಆರಿಸಿದ ಟೀ ಬ್ಯಾಗ್ ಆಗುತ್ತೆ, ಅದರ ಒಗರು ರಕ್ತ ಕಟ್ಟಲು ನೆರವಾಗುತ್ತೆ. ಎಂಜಲು ಕೆಂಪು ಛಾಯೆ ಇದ್ದರೆ ಅದು ಒಂದು ದಿನ ಇರುತ್ತೆ. ಅರ್ಧ ಗಂಟೆ ಕಚ್ಚಿದ ಮೇಲೂ ಬಾಯಿ ತುಂಬುವಷ್ಟು ಬರ್ತಿದ್ರೆ ಕ್ಯಾಜುವಾಲ್ಟಿಗೆ ಹೋಗಿ, ಮಾತ್ರೆ ಚೀಟಿ ತಗೊಂಡು.

ಇಂಗ್ಲೆಂಡಿನಿಂದ:
ಇಲ್ಲಿ ಡೆಂಟಿಸ್ಟ್ ಹತ್ರ ಹೆಸರು ನೋಂದಾಯಿಸಿಕೊಂಡಿಲ್ಲ. ರಾತ್ರಿ ಆಸ್ಪತ್ರೆಗೆ ಹೋದ್ರೆ ಹಲ್ಲು ನೋಡ್ತಾರಾ?

ಡಾಕ್ಟರ್:
ಅಲ್ಲಿನ ಆಸ್ಪತ್ರೆಗಳ ಎ ಆ್ಯಂಡ್ ಇ (ತುರ್ತು ಚಿಕಿತ್ಸೆ) ವಿಭಾಗದಲ್ಲಿ ಹಲ್ಲಿನ ಕೆಲಸ ಸಾಮಾನ್ಯವಾಗಿ ಆಗಲ್ಲ. ಆರೋಗ್ಯ ಸಹಾಯವಾಣಿ 111ಕ್ಕೆ ಕರೆ ಮಾಡಿ, ತುರ್ತು ದಂತಸೇವೆ ಎಲ್ಲಿದೆ ಅಂತ ಅವರೇ ಹೇಳ್ತಾರೆ, ನೋಂದಣಿ ಇಲ್ಲದವರಿಗೂ. ಮೇಲೆ ಸಾಗರದವರು ಹೇಳಿದಂಥ ಊತ, ಉಸಿರಿನ ಕಷ್ಟ ಇದ್ದರೆ ಮಾತ್ರ ತುರ್ತು ಕರೆಯ 999, ನೇರ ಎ ಆ್ಯಂಡ್ ಇ.

ಬಳ್ಳಾರಿಯಿಂದ:
ಸರ್, ನಂದು ಸಣ್ಣ ವಿಷಯ. ನಾಳೆ ತಂಗಿ ಮದುವೆ, ಮುಂದಿನ ಹಲ್ಲಿನ ಕ್ಯಾಪ್ ಕಳಚಿ ಕೈಗೆ ಬಂತು. ಅಣ್ಣ ಫೆವಿಕ್ವಿಕ್ ಹಚ್ಚು ಅಂತಿದಾನೆ.

ಡಾಕ್ಟರ್:
ಅಣ್ಣನ ಕೈಯಿಂದ ಮೊದಲು ಆ ಟ್ಯೂಬ್ ಕಿತ್ತುಕೊಳ್ಳಿ. ಅದು ವಸಡು ಸುಡುತ್ತೆ, ಕ್ಯಾಪ್ ಓರೆಯಾಗಿ ಅಂಟಿದ್ರೆ ನಾವು ಅದನ್ನ ಕತ್ತರಿಸಿ ತೆಗೀಬೇಕಾಗುತ್ತೆ. ಕ್ಯಾಪ್ ಒಳಭಾಗ ತೊಳೆದು ಜೋಪಾನವಾಗಿಡಿ. ಬೆಳಗ್ಗೆ ಕ್ಲಿನಿಕ್ ತೆರೆಯೋ ಹೊತ್ತಿಗೆ ಫೋನ್ ಮಾಡಿ ‘ಕ್ಯಾಪ್ ಕಳಚಿದೆ, ಮುರಿದಿಲ್ಲ, ನನ್ನ ಹತ್ರವೇ ಇದೆ, ಇವತ್ತು ಮದುವೆ’ ಅನ್ನಿ. ಮತ್ತೆ ಅಂಟಿಸೋದು ಹೆಚ್ಚು ಹೊತ್ತಿನ ಕೆಲಸವಲ್ಲ, ಇಬ್ಬರು ರೋಗಿಗಳ ನಡುವೆ ಕರೆದುಬಿಡ್ತಾರೆ. ಮುಹೂರ್ತ ಬೆಳಗಿನ ಜಾವ ಇದ್ದರೆ, ಮೆಡಿಕಲ್ ಶಾಪಿನಲ್ಲಿ ಹಲ್ಲುಸೆಟ್ ಅಂಟಿಸೋ ಪೇಸ್ಟ್ ಸಿಗುತ್ತೆ, ಅದನ್ನ ಚೂರು ಒಳಗೆ ಹಚ್ಚಿ ಕೂರಿಸಿಕೊಳ್ಳಿ, ಫೋಟೋಗೆ ಸಾಕು. ಊಟಕ್ಕೆ ಮುಂಚೆ ತೆಗೆದಿಡಿ, ಇಲ್ಲದಿದ್ರೆ ಹೋಳಿಗೆ ಜೊತೆ ಹೊಟ್ಟೆಗೆ ಹೋಗುತ್ತೆ. ಇವತ್ತು ರಾತ್ರಿ ಹಾಕಿಕೊಂಡು ಮಲಗಬೇಡಿ.