ನೀರು ತೆಗೆದ ಎರಡೇ ದಿನಕ್ಕೆ ಮತ್ತೆ ಡೀಸೆಲ್ ಫಿಲ್ಟರ್ ಲೈಟ್: ಇಷ್ಟು ನೀರು ಬರ್ತಿರೋದು ಎಲ್ಲಿಂದ?

ಶಿರಾಡಿ_12ಚಕ್ರ

12 ಚಕ್ರದ ಬಿಎಸ್6 ಲಾರಿ, ಕಾಮನ್ ರೈಲ್ ಎಂಜಿನ್ (ಎಲ್ಲ ಇಂಜೆಕ್ಟರ್‌ಗೂ ಒಂದೇ ಹೈ ಪ್ರೆಶರ್ ಪೈಪಿನಿಂದ ಡೀಸೆಲ್), ಮಂಗಳೂರು–ಬೆಂಗಳೂರು ಲೈನ್. ಮಳೆ ಹಿಡಿದ ಮೇಲೆ, ಡೀಸೆಲ್‌ನಿಂದ ನೀರು ಬೇರ್ಪಡಿಸೋ ಮೊದಲ ಫಿಲ್ಟರ್, ಅಂದ್ರೆ ಪ್ರಿ-ಫಿಲ್ಟರ್‌ನ ನೀರಿನ ಲೈಟ್ ಪದೇ ಪದೇ ಬರ್ತಿದೆ, ಅದೂ ಹೆಚ್ಚಾಗಿ ಗುಂಡ್ಯ ದಾಟಿ ಘಾಟಿ ಹತ್ತುವಾಗ. ಡ್ರೈನ್ ಮಾಡಿದ್ರೆ ಆರುತ್ತೆ, ಎರಡು ದಿನಕ್ಕೆ ಮತ್ತೆ ಹಾಜರ್. ಪ್ರತಿ ಸಲ ಸುಮಾರು 200 ಮಿಲಿ ನೀರು. ಆ ಎರಡು ದಿನದಲ್ಲಿ ಹಾಕಿಸೋದು 300 ಲೀಟರ್ ಡೀಸೆಲ್.

ರಾತ್ರಿ ಟ್ಯಾಂಕ್ ಒಳಗೆ ಬೆವರೋದ್ರಿಂದ ಇಷ್ಟು ನೀರು ಆಗುತ್ತಾ? ಕೆಲವು ಸಲ ಡ್ರೈನ್ ತಿರುಗಿಸಿದ್ರೂ ಹನಿ ಬೀಳಲ್ಲ, ಅದ್ಯಾಕೆ? ಹಾಗೇ ಹೊಸ ಫಿಲ್ಟರ್‌ಗೆ ಡೀಸೆಲ್ ತುಂಬಿ ಹಾಕ್ಬೇಕೋ ಖಾಲಿ ಹಾಕ್ಬೇಕೋ, ಒಬ್ಬೊಬ್ಬ ಮೆಕ್ಯಾನಿಕ್ ಒಂದೊಂದು ಹೇಳ್ತಾರೆ.

ಪಂಪ್_ಬೆಂಚ್

ಮೊದಲು ಲೆಕ್ಕ ಹಾಕಿ, ಉತ್ತರ ಅಲ್ಲೇ ಇದೆ. ಬಿಎಸ್6 ಡೀಸೆಲ್‌ಗೆ ಐಎಸ್ 1460 ಮಾನದಂಡದಲ್ಲಿ ನೀರಿನ ಮಿತಿ ಕಿಲೋಗೆ 200 ಮಿಲಿಗ್ರಾಂ. 300 ಲೀಟರ್ ಅಂದ್ರೆ ಸುಮಾರು 250 ಕಿಲೋ. ಮಿತಿಯ ತುದಿಯಲ್ಲೇ ಇದ್ದ ಡೀಸೆಲ್ ಆದರೂ ಒಟ್ಟು ನೀರು 50 ಗ್ರಾಂ, ಅದರಲ್ಲೂ ಒಂದಷ್ಟು ಕರಗಿಕೊಂಡೇ ಎಂಜಿನ್‌ಗೆ ಹೋಗುತ್ತೆ. ನಿಮಗೆ ಬರ್ತಿರೋದು ಅದರ ನಾಲ್ಕು ಪಟ್ಟು.

ಬೆವರಿನ ಮಾತು ಎಲ್ಲರೂ ಹೇಳ್ತಾರೆ. 30 ಡಿಗ್ರಿಯಲ್ಲಿ ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ನೀರಿನ ಆವಿ ಇರುತ್ತೆ, 20 ಡಿಗ್ರಿಗೆ ಇಳಿದ್ರೆ 17 ಗ್ರಾಂ. ಟ್ಯಾಂಕ್‌ನಲ್ಲಿ 200 ಲೀಟರ್ ಜಾಗ ಖಾಲಿ ಇದೆ ಅಂದುಕೊಳ್ಳಿ, ಒಂದು ರಾತ್ರಿಗೆ ಇಳಿಯೋದು 3 ಗ್ರಾಂಗಿಂತ ಕಡಿಮೆ. ಚಮಚವೂ ತುಂಬಲ್ಲ. ತಿಂಗಳುಗಟ್ಟಲೆ ನಿಂತ ಗಾಡಿಗೆ ಬೆವರು ದೊಡ್ಡ ವಿಷಯ, ದಿನಾ ಓಡೋ ಲಾರಿಗೆ ಅಲ್ಲ. ನಿಮ್ಮ ನೀರು ಒಂದೋ ಬಂಕಿನಿಂದ ಬರ್ತಿದೆ, ಇಲ್ಲಾ ಮಳೆ ನೇರ ಟ್ಯಾಂಕ್‌ಗೆ ಇಳೀತಿದೆ.

ಘಾಟಿಯಲ್ಲೇ ಲೈಟ್ ಬರೋದು ಇನ್ನೊಂದು ಗುರುತು. ಡೀಸೆಲ್ ಎಳೆಯೋ ಪೈಪಿನ ಬಾಯಿ ಟ್ಯಾಂಕಿನ ತಳದಿಂದ ಸ್ವಲ್ಪ ಮೇಲೆ ಇರುತ್ತೆ. ಅದರ ಕೆಳಗೆ ನಿಂತ ನೀರು ಸಮತಟ್ಟು ರಸ್ತೆಯಲ್ಲಿ ಸುಮ್ಮನಿರುತ್ತೆ, ಏರು ಬಂದಾಗ ಹಿಂದಕ್ಕೆ ಹರಿದು ಪೈಪಿನ ಬಾಯಿಗೆ ಸಿಗುತ್ತೆ. ಅಂದ್ರೆ ಟ್ಯಾಂಕ್ ತಳದಲ್ಲಿ ಕೆರೆ ಇದೆ. ಫಿಲ್ಟರ್ ಕಪ್‌ನಿಂದ ಕಾಲು ಲೀಟರ್ ತೆಗೀತಾ ಇದ್ರೆ ಅದು ಮುಗಿಯೋದಿಲ್ಲ.

ಟ್ಯಾಂಕ್ ತಳದ ಪ್ಲಗ್ಗೇ ಬಿಚ್ಚಿ. ಪ್ಲಗ್ ಇರೋ ಕಡೆ ತಗ್ಗಾಗುವ ಹಾಗೆ ಸಂಜೆ ನಿಲ್ಲಿಸಿ, ಬೆಳಗ್ಗೆ ಸೆಲ್ಫ್ ಹೊಡೆಯೋ ಮುಂಚೆ ಕೆಲಸ ಆಗ್ಬೇಕು. ಓಡಿದ ಗಾಡಿಯಲ್ಲಿ ಎಂಜಿನ್‌ನಿಂದ ಮರಳಿದ ಬಿಸಿ ಡೀಸೆಲ್ ನೀರನ್ನು ಕಲಸಿಟ್ಟಿರುತ್ತೆ, ರಾತ್ರಿ ತಣ್ಣಗಾದ ಮೇಲೆ ಅದು ತಳಕ್ಕೆ ಕೂರುತ್ತೆ. 5 ಲೀಟರ್ ಕ್ಯಾನ್ ಹಿಡಿದು ಪ್ಲಗ್ ಪೂರ್ತಿ ಕಳಚದೆ ಸಡಿಲಿಸಿ ಬಿಡಿ, ಶುದ್ಧ ಡೀಸೆಲ್ ಬರೋವರೆಗೆ. ಪ್ಲಗ್ ವಾಷರ್ ಹೊಸದು ಹಾಕಿ, ಹಳೇದು ಒಮ್ಮೆ ಒತ್ತಿ ಕೂತಿದ್ರೆ ಮತ್ತೆ ಸೀಲ್ ಆಗೋದು ಅನುಮಾನ.

ಬಂದದ್ದು ನೀರೋ ಡೀಸೆಲ್ಲೋ ಗೊತ್ತಾಗದಿದ್ರೆ ಗಾಜಿನ ಬಾಟಲಿಗೆ ಹಾಕಿ 15 ನಿಮಿಷ ಇಡಿ, ಆಮೇಲೆ ಫೌಂಟನ್ ಪೆನ್ನಿನ ಇಂಕ್ ಒಂದು ಹನಿ ಬಿಡಿ. ಇಂಕ್ ಡೀಸೆಲ್‌ನಲ್ಲಿ ಕರಗದೆ ಕೆಳಗಿಳಿದು ನೀರಿನ ಪದರದಲ್ಲಿ ಮಾತ್ರ ಹರಡುತ್ತೆ.

ಹಳೇ_ಸ್ಪ್ಯಾನರ್

ಡ್ರೈನ್ ತಿರುಗಿಸಿದ್ರೂ ಬೀಳದಿರೋದಕ್ಕೆ ಕಾರಣ ಮೇಲಿಂದ ಗಾಳಿ ಒಳಗೆ ಹೋಗದಿರೋದು. ಪ್ರಿ-ಫಿಲ್ಟರ್ ಇರೋದು ಟ್ಯಾಂಕ್‌ನಿಂದ ಡೀಸೆಲ್ ಎಳೆಯೋ ಫೀಡ್ ಪಂಪ್‌ಗೆ ಮುಂಚೆ, ಎಳೆಯೋ ಕಡೆ. ಸ್ಟ್ರಾದ ಮೇಲ್ತುದಿಗೆ ಬೆರಳು ಒತ್ತಿದ್ರೆ ಒಳಗಿನ ನೀರು ಹೇಗೆ ಇಳಿಯಲ್ಲವೋ ಹಾಗೇ ಇದು. ಎಂಜಿನ್ ಬಂದ್, ಕೀ ಆಫ್. ಫಿಲ್ಟರ್ ಹೆಡ್ ಮೇಲಿನ ಏರ್ ಸ್ಕ್ರೂ ಒಂದು ಸುತ್ತು ಸಡಿಲಿಸಿ, ಆಮೇಲೆ ಕೆಳಗಿನ ನಾಬ್ ಕೈಯಲ್ಲೇ ಎರಡು ಮೂರು ಸುತ್ತು ಬಿಡಿ, ಸರಾಗ ಬರುತ್ತೆ. ಆಗಲೂ ಬರದಿದ್ರೆ ರಂಧ್ರಕ್ಕೆ ಕೆಸರು ಕಟ್ಟಿದೆ, ಕಪ್ಪೇ ಬಿಚ್ಚಿ ತೊಳೀಬೇಕು. ತಂತಿ ತೂರಿಸ್ಬೇಡಿ, ವಾಲ್ವ್ ಸೀಟ್ ಗೀರಿದ್ರೆ ಅಲ್ಲಿಂದಲೇ ಗಾಳಿ ಎಳೆಯೋಕೆ ಶುರು. ನಾಬ್ ಪ್ಲಾಸ್ಟಿಕ್ಕು, ಮುಚ್ಚುವಾಗ ಪ್ಲೈಯರ್ ಬೇಡ.

ಆಮೇಲೆ ಹ್ಯಾಂಡ್ ಪಂಪ್ ಹೊಡೀರಿ. ಏರ್ ಸ್ಕ್ರೂನಿಂದ ನೊರೆ ನಿಂತು ಬರೀ ಡೀಸೆಲ್ ಬಂದಾಗ ಮುಚ್ಚಿ, ಪಂಪ್ ಗಟ್ಟಿಯಾಗೋವರೆಗೆ ಮತ್ತೆ ಹೊಡೀರಿ. ಸೆಲ್ಫ್ ಒಂದು ಸಲಕ್ಕೆ 15 ಸೆಕೆಂಡ್‌ಗಿಂತ ಹೆಚ್ಚು ಬೇಡ, ನಡುವೆ ಒಂದೆರಡು ನಿಮಿಷ ಬಿಡಿ. ಹಳೇ ಇನ್‌ಲೈನ್ ಪಂಪ್ ಗಾಡಿಗಳ ಅಭ್ಯಾಸದಲ್ಲಿ ಇಂಜೆಕ್ಟರ್ ಪೈಪ್ ನಟ್ ಸಡಿಲಿಸಿ ಏರ್ ತೆಗೆಯೋರು ಇನ್ನೂ ಇದ್ದಾರೆ. ಕಾಮನ್ ರೈಲ್‌ನಲ್ಲಿ ಅದನ್ನು ಖಂಡಿತ ಮಾಡಬೇಡಿ. ಅಲ್ಲಿರೋದು 1,600 ಬಾರ್, ಕೆಲವಲ್ಲಿ ಇನ್ನೂ ಹೆಚ್ಚು. ಅಷ್ಟು ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ, ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು ಇದ್ದರೂ ಕೈ ಕಳ್ಕೊಳ್ಳೋ ಗಾಯ ಅದು.

ಫಿಲ್ಟರ್ ತುಂಬೋ ವಿಷಯ: ಎಂಜಿನ್ ಹತ್ತಿರದ ಮೇನ್ ಫಿಲ್ಟರ್ ಖಾಲಿಯೇ ಹಾಕಿ. ನಡುವಿನ ದೊಡ್ಡ ರಂಧ್ರ ಸೋಸಿದ ಡೀಸೆಲ್ ಹೊರಹೋಗೋ ದಾರಿ. ಅದರೊಳಗೆ ಕ್ಯಾನ್‌ನಿಂದ ಸುರಿದ್ರೆ ಆ ಕಸ ಸೋಸದೇ ನೇರ ಹೈ ಪ್ರೆಶರ್ ಪಂಪ್‌ಗೆ ಹೋಗುತ್ತೆ. ಇಂಜೆಕ್ಟರ್ ಒಳಗಿನ ಸಂದು ಕೆಲವೇ ಮೈಕ್ರಾನ್, ಕಣ್ಣಿಗೆ ಕಾಣದ ಕಣವೂ ಅಲ್ಲಿ ಗೀರು ಹಾಕುತ್ತೆ. ಪ್ರಿ-ಫಿಲ್ಟರ್‌ಗೆ ತುಂಬಲೇಬೇಕು ಅಂದ್ರೆ ಸುತ್ತಲಿನ ಸಣ್ಣ ರಂಧ್ರಗಳಿಂದ ಮಾತ್ರ, ನಡುವಿನದಕ್ಕೆ ಮುಚ್ಚಳ ಇಟ್ಟು.

ಹಳೇ ಗ್ಯಾಸ್ಕೆಟ್ ಹೆಡ್‌ಗೇ ಅಂಟಿದೆಯಾ ನೋಡಿ. ಅದರ ಮೇಲೇ ಹೊಸದು ಕೂತ್ರೆ ಗಾಳಿ ಎಳೆಯುತ್ತೆ, ಆಮೇಲೆ ಎಷ್ಟು ಪಂಪ್ ಹೊಡೆದರೂ ಬೆಳಗ್ಗೆ ಸ್ಟಾರ್ಟ್ ಕಷ್ಟ. ಹೊಸ ಗ್ಯಾಸ್ಕೆಟ್‌ಗೆ ಡೀಸೆಲ್ ಸವರಿ, ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು. ಫಿಲ್ಟರ್ ಮೈಮೇಲೆ ಬೇರೆ ಅಳತೆ ಬರೆದಿದ್ರೆ ಅದೇ ಸರಿ.

ಬಂಕ್_ಕಡೆಯವ

ಬಂಕ್ ಕಡೆಯದೂ ಪರೀಕ್ಷೆ ಮಾಡಿ. ನೀರು ತೋರಿಸೋ ಪೇಸ್ಟ್ ಪ್ರತಿ ಬಂಕ್‌ನಲ್ಲೂ ಇರುತ್ತೆ. ಡಿಪ್ ರಾಡ್ ತುದಿಗೆ ಹಚ್ಚಿ ನೆಲದಡಿಯ ಟ್ಯಾಂಕ್‌ಗೆ ಇಳಿಸಿದ್ರೆ ನೀರು ತಾಗಿದಷ್ಟು ಎತ್ತರಕ್ಕೆ ಬಣ್ಣ ಬದಲಾಗುತ್ತೆ. ತೋರಿಸಿ ಅಂತ ಕೇಳೋದರಲ್ಲಿ ತಪ್ಪಿಲ್ಲ. ಅದೇ ಪೇಸ್ಟ್ ಅಲ್ಯೂಮಿನಿಯಂ ಸರಳಿಗೆ ಹಚ್ಚಿ ನಿಮ್ಮ ಟ್ಯಾಂಕ್‌ನಲ್ಲೂ ಅಳೀಬಹುದು. ಡೀಸೆಲ್ ಹಾಕಿಸೋ ಮುಂಚೆ ಒಮ್ಮೆ, ಮಳೆಯಲ್ಲಿ ಒಂದು ರಾತ್ರಿ ನಿಂತ ಮೇಲೆ ಒಮ್ಮೆ ಅಳೆದ್ರೆ ಯಾವ ದಾರಿಯ ನೀರು ಅಂತ ಸ್ಪಷ್ಟ. ಟ್ಯಾಂಕರ್ ಅನ್‌ಲೋಡ್ ಆಗ್ತಿರುವಾಗ, ಆದ ಕೂಡಲೇ ಹಾಕಿಸಬೇಡಿ, ತಳದ ನೀರು ಕೆಸರು ಎಲ್ಲಾ ಕಲಕಿರುತ್ತೆ.

ಶಿರಾಡಿ_12ಚಕ್ರ

ಪ್ಲಗ್ ಬಿಚ್ಚಿದಾಗ ಮೊದಲ 2 ಲೀಟರ್‌ನಲ್ಲಿ ಹೆಚ್ಚಿನದು ನೀರೇ, ಇಂಕ್ ತಳದಲ್ಲಿ ಹರಡ್ತು. ಟ್ಯಾಂಕ್ ಮೇಲಿನ, ಡೀಸೆಲ್ ಮಟ್ಟ ತೋರಿಸೋ ಗೇಜ್ ಫ್ಲೋಟ್ ಮುಚ್ಚಳದ ಸುತ್ತ ಮಳೆ ನೀರು ನಿಂತಿದೆ, ಐದು ಸ್ಕ್ರೂಗಳಲ್ಲಿ ಎರಡು ಸಡಿಲ, ಗ್ಯಾಸ್ಕೆಟ್ ಬಿರುಕು. ಹೊಸ ಗ್ಯಾಸ್ಕೆಟ್ ಹಾಕಿದ್ದಾಯ್ತು. ಆದ್ರೆ ಫಿಲ್ಟರ್ ಡ್ರೈನ್ ಆದ ಮೇಲೂ ಈಗ ಲೈಟ್ ಆರ್ತಿಲ್ಲ. ಕಪ್ ತಳದಲ್ಲಿ ಕಪ್ಪು ಲೋಳೆ ಇದೆ.

ಪಂಪ್_ಬೆಂಚ್

ಲೋಳೆಯೇ ಕಾರಣ ಇರಬೇಕು. ಸೆನ್ಸರ್‌ನ ಎರಡು ಪಿನ್ ನಡುವೆ ವಿದ್ಯುತ್ ಹರಿದ್ರೆ ನೀರು ಅಂತ ಲೆಕ್ಕ, ಡೀಸೆಲ್‌ನಲ್ಲಿ ಹರಿಯಲ್ಲ. ತೇವದ ಲೋಳೆ ಪಿನ್‌ಗಳ ನಡುವೆ ಸೇತುವೆ ಆಗಿದೆ. ಸೆನ್ಸರ್ ಬಿಚ್ಚಿ ಡೀಸೆಲ್ ಅದ್ದಿದ ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ವೈರ್ ಬ್ರಶ್ ಬೇಡ. ಕನೆಕ್ಟರ್ ಸಿಕ್ಕಿಸಿ, ಕೀ ಆನ್ ಮಾಡಿ, ಪಿನ್‌ಗಳನ್ನು ಲೋಟದ ನೀರಿಗೆ ಅದ್ದಿ: ಲೈಟ್ ಬರ್ಬೇಕು. ತೆಗೆದು ಒರೆಸಿದ್ರೆ ಸ್ವಲ್ಪ ಹೊತ್ತಲ್ಲಿ ಆರ್ಬೇಕು. ಆರದಿದ್ರೆ ಕನೆಕ್ಟರ್ ಒಳಗೆ ಹಸಿರು ತುಕ್ಕು ಹುಡುಕಿ. ಸ್ಕ್ಯಾನರ್‌ನಲ್ಲಿ ಈ ದೋಷ ಎಸ್‌ಪಿಎನ್ 97 ಅನ್ನೋ ಕೋಡ್ ಆಗಿ ಕಾಣುತ್ತೆ. ವಾಪಸ್ ಹಾಕುವಾಗ ಓ-ರಿಂಗ್ ಹೊಸದು.

ಆ ಲೋಳೆ ನೀರು–ಡೀಸೆಲ್ ಸೇರೋ ಗೆರೆಯಲ್ಲಿ ಬೆಳೆಯೋ ಬ್ಯಾಕ್ಟೀರಿಯಾ, ಬೂಷ್ಟು. ನೀರು ಬರೋದು ನಿಂತ್ರೆ ಬೆಳೆಯೋದು ನಿಲ್ಲುತ್ತೆ, ಇದ್ದದ್ದು ಕಳಚಿ ಫಿಲ್ಟರ್‌ಗೆ ಬರ್ತಾನೇ ಇರುತ್ತೆ. ಟ್ಯಾಂಕ್ ಬಿಚ್ಚಿ ತೊಳೆಸೋದು ಒಳ್ಳೇದು. ಇವನ್ನು ಕೊಲ್ಲೋ ಔಷಧ, ಡೀಸೆಲ್ ಬಯೋಸೈಡ್, ಹಾಕೋದಾದ್ರೆ ಡಬ್ಬಿ ಮೇಲಿನ ಅಳತೆಯಷ್ಟೇ, ಸತ್ತ ಲೋಳೆ ಒಟ್ಟಿಗೆ ಬಂದು ಫಿಲ್ಟರ್ ಕಟ್ಟುತ್ತೆ, ಗಾಡಿಯಲ್ಲಿ ಎರಡು ಪ್ರಿ-ಫಿಲ್ಟರ್ ಸ್ಪೇರ್ ಇರಲಿ. ಏರಿನಲ್ಲಿ ಪಿಕಪ್ ಬಿದ್ರೆ ಮೊದಲು ಅದನ್ನೇ ಬದಲಿಸಿ.

ಇನ್ನೊಂದು ನೋಡಿಬಿಡಿ. ತೆಗೆದ ನೀರು ಒಂದು ಚಮಚ ಸ್ಟೀಲ್ ತಟ್ಟೆಯಲ್ಲಿ ಒಣಗಿಸಿ. ದಪ್ಪಗೆ ಬಿಳಿ ಹರಳು ಉಳಿದ್ರೆ ಅದು ಮಳೆ ನೀರಲ್ಲ, ಯಾರೋ ಡಿಇಎಫ್ (ಹೊಗೆ ಶುದ್ಧ ಮಾಡೋಕೆ ಬೇರೆ ಟ್ಯಾಂಕ್‌ಗೆ ಹಾಕೋ ಯೂರಿಯಾ ದ್ರಾವಣ) ಡೀಸೆಲ್ ಟ್ಯಾಂಕ್‌ಗೆ ಸುರಿದಿದ್ದಾರೆ. ಅದರಲ್ಲಿ 32.5% ಯೂರಿಯಾ, ಡೀಸೆಲ್‌ಗಿಂತ ಭಾರ, ಅದೂ ತಳದಲ್ಲೇ ಕೂತು ಇದೇ ಲೈಟ್ ಹಚ್ಚುತ್ತೆ. ಹಾಗಿದ್ರೆ ಕೀ ಆನ್ ಕೂಡ ಮಾಡ್ಬೇಡಿ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೊಳೆಸಿ ಆಮೇಲೆ ಮುಂದಿನ ಮಾತು.

ಶಿರಾಡಿ_12ಚಕ್ರ

ತಟ್ಟೆಯಲ್ಲಿ ಹರಳಿಲ್ಲ, ಸ್ವಲ್ಪ ಕಂದು ಕಲೆ ಅಷ್ಟೇ. ಸೆನ್ಸರ್ ಒರೆಸಿದ ಮೇಲೆ ಲೈಟ್ ಆರಿದೆ. ಟ್ಯಾಂಕ್ ಭಾನುವಾರ ಇಳಿಸ್ತೀವಿ.